ಸ್ವಿಚ್ ಆರಿಸಿದ ಮೇಲೂ ಸಾಯದ ಕರೆಂಟು

ಛಟೀರ್!

ಪತ್ರಿಕೆಗೆ ಬರೆಯಲೆಂದು ಬಂದ ನಾನು ಬೆಚ್ಚಿ ಗೋಡೆಗೆ ಆತುಕೊಳ್ಳುತ್ತೇನೆ. ಪ್ರಯೋಗಾಲಯದ ಕಿಟಕಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಂತ್ರವನ್ನು ನಿನ್ನೆ ಸಂಜೆಯೇ ಆರಿಸಿದ್ದಾರೆ, ಪ್ಲಗ್ಗನ್ನೂ ಕಿತ್ತಿಟ್ಟಿದ್ದಾರೆ. ಆದರೂ ಕೋಲು ತಾಗಿದೊಡನೆ ಅದರ ಹೊಟ್ಟೆಯಿಂದ ನೀಲಿ ಕಿಡಿ ಹಾರಿದೆ. ಕೋಲು ಹಿಡಿದು ನಿಂತ ಮನುಷ್ಯ ಮಾತ್ರ ಕದಲಿಲ್ಲ.

“ನೋಡಿದ್ರಾ? ಸತ್ತ ಹಾಗೆ ಬಿದ್ದಿರುತ್ತೆ. ನಂಬಿ ಕೈ ಹಾಕಿದ್ರೆ ಕಥೆ ಮುಗೀತು.”

ಇಲ್ಲಿ ಎಲ್ಲರೂ ಇವರನ್ನು ಪಂಪಣ್ಣ ಎಂದೇ ಕರೆಯುತ್ತಾರೆ. ಮೂರು ಹೊತ್ತೂ ಪಂಪಿನ ಪಕ್ಕದಲ್ಲೇ ಇರುವವರಿಗೆ ಇನ್ನೇನು ಹೆಸರು! ಉಕ್ಕಿನ ಡಬ್ಬಿಯೊಳಗಿನ ಗಾಳಿಯನ್ನು ಪಂಪು ಹೀರಿ ತೆಗೆಯುತ್ತದೆ. ಅಲ್ಲಿಗೆ ಚಿಟಿಕೆಯಷ್ಟು ಅನಿಲ ಬಿಟ್ಟು ಭಾರೀ ವಿದ್ಯುತ್ ಹರಿಸಿದರೆ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಅದೇ ಪ್ಲಾಸ್ಮಾ. ಸಂಶೋಧಕರು ಬರುವಷ್ಟರಲ್ಲಿ ಡಬ್ಬಿಯ ಮಸಿ ಒರೆಸಿ, ಪಂಪಿನ ಎಣ್ಣೆ ಬದಲಿಸಿ, ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯೇ ಎಂದು ಬೆರಳಲ್ಲೇ ತಡವಿ ನೋಡುವುದು ಇವರ ಕೆಲಸ. “ಕೂದಲೆಳೆ ಸಿಕ್ಕಿಕೊಂಡ್ರೂ ಗಾಳಿ ಒಳಗೆ ನುಗ್ಗುತ್ತೆ. ಸೊಸೆ ಮೇಲೆ ಕಣ್ಣಿಡೋ ಅತ್ತೆ ಥರ ಕಾಯಬೇಕು,” ಎಂದು ನಗುತ್ತಾರೆ.

ಕಿಡಿ ಬಂದದ್ದು ಕೆಪಾಸಿಟರಿನಿಂದ. ಅದು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗ. ಆರಿಸಿದ ಮೇಲೆ ಅದು ತಾನಾಗಿ ಖಾಲಿಯಾಗಬೇಕು, ಆದರೆ ಖಾಲಿ ಮಾಡುವ ರೆಸಿಸ್ಟರ್ ಸುಟ್ಟುಹೋಗಿದೆ. ಕೋಲಿನ ತುದಿಯ ತಾಮ್ರದ ಕೊಕ್ಕೆ, ಅದರಿಂದ ನೆಲಕ್ಕಿಳಿದ ತಂತಿ, ಇವೆರಡೇ ಇವರನ್ನು ಈಗ ಉಳಿಸಿದ್ದು.

ಅಷ್ಟರಲ್ಲಿ ಬಾಗಿಲಲ್ಲಿ ಅವರ ಹೆಂಡತಿ. ಮನೆಯಲ್ಲಿ ಮರೆತ ಕನ್ನಡಕ ತಂದಿದ್ದಾರೆ. ಪಕ್ಕದ ಕೋಣೆಯ ಲೇತ್ ಕೆಲಸಗಾರ ಟೀ ಲೋಟ ಹಿಡಿದೇ ಬಂದು, “ನಿಮ್ಮ ಯಜಮಾನರು ಪೇಪರಲ್ಲಿ ಬರ್ತಾರಂತೆ ಅತ್ತಿಗೆ!” ಎನ್ನುತ್ತಾರೆ. ಅವರೇ ಮುಂದುವರಿಸುತ್ತಾರೆ, “ಬರಲೇಬೇಕು ಬಿಡಿ. ಅವತ್ತು ಎದೆಬಡಿತವೇ ನಿಂತುಹೋಗಿತ್ತು. ಎದೆ ಒತ್ತಿ ಒತ್ತಿ ನನ್ನ ಕೈಯೇ ಬಿದ್ದುಹೋಯ್ತು.”

“ಯಾರ ಎದೆಬಡಿತ?” ಹೆಂಡತಿ ಕೇಳುತ್ತಾರೆ.

ಲೋಟ ಗಾಳಿಯಲ್ಲೇ ನಿಲ್ಲುತ್ತದೆ. ಪಂಪಣ್ಣ ಚಿಂದಿಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದಾರೆ. ಕೈ ಆಗಲೇ ಒಣಗಿದೆ.

ನಡೆದದ್ದು ಕೆಲವು ವರ್ಷಗಳ ಹಿಂದೆ. ಕೋಲಿನ ತಂತಿ ಹೊದಿಕೆಯೊಳಗೇ ತುಂಡಾಗಿತ್ತು, ಹೊರಗೆ ಕಾಣುವಂತಿರಲಿಲ್ಲ. ಪಂಪಣ್ಣ ಕೊಕ್ಕೆ ತಾಗಿಸಿದರು. ಕಿಡಿ ಬರಲಿಲ್ಲ, ಖಾಲಿಯಾಗಿದೆ ಎಂದುಕೊಂಡು ಕೈ ಹಾಕಿದರು. ಶಬ್ದ ಕೇಳಿ ಲೇತ್ ಕೆಲಸಗಾರ ಓಡಿಬಂದಾಗ ಇವರು ನೆಲದ ಮೇಲಿದ್ದರು, ಉಸಿರಿರಲಿಲ್ಲ.

“ಬೇರೆ ಊರಿಗೆ ಯಂತ್ರ ರಿಪೇರಿಗೆ ಹೋಗಿದ್ದೆ ಅಂದ್ರಿ,” ಹೆಂಡತಿಯ ದನಿ ಏರುವುದಿಲ್ಲ. “ಯಾಕೆ ಸೊರಗಿದ್ದೀರಿ ಅಂದ್ರೆ ಊಟ ಸರಿ ಇರಲಿಲ್ಲ ಅಂದ್ರಿ. ಕೈಗೆ ಬಿಸಿ ಪೈಪು ತಾಗಿತು ಅಂದ್ರಿ. ಮುಲಾಮು ಹಚ್ಚಿದ್ದು ನಾನು! ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಯಾರಿದ್ರು?”

“ಇವನಿದ್ದ.”

ಆಕೆ ಲೇತ್ ಕೆಲಸಗಾರನತ್ತ ತಿರುಗಿ ಕೈ ಮುಗಿಯುತ್ತಾರೆ. ಆಮೇಲೆ ಸ್ಟೂಲನ್ನು ಎಳೆದುಕೊಂಡು ಗಂಡನ ಎದುರು ಕೂರುತ್ತಾರೆ. ನನ್ನ ಪೆನ್ನು ನಿಂತು ಎಷ್ಟೋ ಹೊತ್ತಾಗಿದೆ.

“ಹೇಳಿದ್ರೆ ನೀನು ಕೆಲಸ ಬಿಡಿಸ್ತಿದ್ದೆ,” ಪಂಪಣ್ಣ ಮೆಲ್ಲಗೆ ಹೇಳುತ್ತಾರೆ.

“ಬಿಡಿಸ್ತಿದ್ದೆ. ಈಗಲೂ ಬಿಡಿಸ್ತೀನಿ.”

“ನಾನು ಬಿಟ್ರೆ ಇನ್ಯಾರದೋ ಮನೆಯವರು ಕೈ ಹಾಕ್ತಾರೆ. ನನಗಾದ್ರೆ ಆ ಏಟು ಗೊತ್ತು.”

ಆಕೆ ಎದ್ದು, “ಹೇಗೆ ಮಾಡ್ತೀರಿ, ತೋರಿಸಿ,” ಎನ್ನುತ್ತಾರೆ. ಪಂಪಣ್ಣ ಮೀಟರು ಹಚ್ಚಿ ಕೋಲಿನ ತಂತಿಯನ್ನು ಪರೀಕ್ಷಿಸುವುದನ್ನು ತೋರಿಸುತ್ತಾರೆ. ಈಗ ಕೋಲು ಎತ್ತುವ ಮೊದಲು ಇದನ್ನು ತಪ್ಪಿಸುವುದಿಲ್ಲ. ಮುಚ್ಚಳ ತೆರೆದೊಡನೆ ವಿದ್ಯುತ್ ತಾನಾಗಿ ನೆಲಕ್ಕಿಳಿಯುವ ಏರ್ಪಾಡನ್ನು ಒಂದು ಯಂತ್ರಕ್ಕೆ ತಾವೇ ಜೋಡಿಸಿದ್ದಾರೆ. ನಿವೃತ್ತಿಗೆ ಮುಂಚೆ ಉಳಿದವಕ್ಕೂ ಜೋಡಿಸಬೇಕು, ಅಷ್ಟೇ ಆಸೆ.

“ಆ ಏಟು ತಿಂದ ಮೇಲೆ ಇಲ್ಲಿ ಕೆಲಸ ಮಾಡಿದವರೆಲ್ಲ ಸಂಜೆ ಮನೆಗೆ ಹೋಗಿದ್ದಾರೆ,” ಪಂಪಣ್ಣ ನನ್ನತ್ತ ನೋಡಿ ಹೇಳುತ್ತಾರೆ. “ಅದನ್ನ ಬರೀರಿ.”

ಹೆಂಡತಿ ಕನ್ನಡಕವನ್ನು ಸೆರಗಿನಿಂದ ಒರೆಸಿ ಅವರ ಕೈಗಿಡುತ್ತಾರೆ.

“ಆ ಎಲ್ಲರಲ್ಲಿ ನೀವೂ ಒಬ್ರು. ಅದು ನೆನಪಿರಲಿ.”