ಮಡಿಕೆ ಬಿಚ್ಚಿದ ಸೀರೆ

ಕಳೆದ ವರ್ಷದ ಮಾತು. ಇನ್ನೇನು ಶ್ರಾವಣ ಶುರುವಾಗಬೇಕು ಅನ್ನುವಾಗ ನಮ್ಮ ಮನೆಗೆ ಒಂದು ಫೋನ್ ಬಂತು. ನಾನು ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದು, ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಎರಡು ಮಗ್ಗಗಳಿವೆ. ಒಂದು ನಮ್ಮ ಯಜಮಾನರದು, ಇನ್ನೊಂದು ಮಾವನದು. ಫೋನಿನ ಜವಾಬ್ದಾರಿ ಮಾತ್ರ ನನ್ನದು. ಮಗ್ಗದ ಸದ್ದಿನಲ್ಲಿ ಅವರಿಬ್ಬರಿಗೂ ರಿಂಗ್ ಕೇಳಿಸುವುದಿಲ್ಲ, ಕೇಳಿಸಿದರೂ ಎದ್ದು ಬರುವ ಜನವಲ್ಲ.

ಮಾತಾಡಿದವರು ಬಾಗಲಕೋಟೆ ಕಡೆಯ ಹೆಣ್ಣುಮಗಳು, ಸುಮಂಗಲಾ ಅಂತ. ಮೊಬೈಲಿನಲ್ಲಿ ಮೊಳಕಾಲ್ಮೂರು ಸೀರೆ ಅಂತ ಹುಡುಕಿದಾಗ ನಮ್ಮ ನಂಬರ್ ಸಿಕ್ಕಿತಂತೆ. ಅವರ ತಾಯಿ ಮದುವೆಯಲ್ಲಿ ಉಟ್ಟಿದ್ದು ನಮ್ಮೂರಿನ ಸೀರೆ. ಅದು ಉಟ್ಟು ಉಟ್ಟು ಹರಿದು, ಈಗ ಅಂಚಿನ ಒಂದು ತುಂಡು ಮಾತ್ರ ಉಳಿದಿತ್ತು. ಮೊಮ್ಮಗಳ ಮದುವೆಗೆ ಅಂಥದ್ದೇ ಸೀರೆ ಉಡಬೇಕೆಂದು ಆ ತಾಯಿ ಹಟ ಹಿಡಿದಿದ್ದರು.

"ನಮ್ಮವ್ವಗ ಕಣ್ಣು ಮಂಜಾಗ್ಯಾವ್ರೀ. ಆದ್ರ ಅಂಚು ಕೈಲೆ ಸವರಿದ್ರ ಗುರುತು ಹಿಡೀತಾಳ. ಬ್ಯಾರೆ ಯಾವ ಸೀರಿ ತಂದ್ರೂ ಒಲ್ಲೆ ಅಂತಾಳ" ಎಂದರು. ಹಿಂದೊಮ್ಮೆ ಆನ್‌ಲೈನಿನಲ್ಲಿ ತರಿಸಿದಾಗ ರೇಷ್ಮೆ ಅಂತ ಹೇಳಿ ಯಾವುದೋ ಹೊಳೆಯುವ ಬಟ್ಟೆ ಕಳಿಸಿದ್ದರಂತೆ. ಅದಕ್ಕೇ ನೇಯುವವರನ್ನೇ ಹುಡುಕಿದೆ ಅಂದರು.

ಆ ತುಂಡಿನ ಫೋಟೊ ಕಳಿಸಿದರು. ಅದು ರುದ್ರಾಕ್ಷಿ ಅಂಚು. ಮಾವ ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟು ಸಣ್ಣ ರುದ್ರಾಕ್ಷಿಯನ್ನು ಈಗ ಯಾರೂ ಕೇಳುವುದಿಲ್ಲ, ತಾವೇ ನೇಯ್ದು ಬಹಳ ಕಾಲವಾಯಿತು ಅಂದರು. ಮುಂಗಡ ತೆಗೆದುಕೊಳ್ಳೋಣ ಅಂತ ಯಜಮಾನರು ಬಾಯಿ ತೆರೆದರೆ, "ಹೆತ್ತವ್ವನಿಗೆ ಅಂತ ಕೇಳ್ಯಾಳೆ. ಮುಗಿದ ಮ್ಯಾಲೆ ತಗೊಂಡ್ರಾತು ಬಿಡಪ್ಪ" ಎಂದು ಮಗನ ಬಾಯಿ ಮುಚ್ಚಿಸಿದರು. ಆ ಸೀರೆಗೆ ಅವರು ಮಗ್ಗದಲ್ಲಿ ಕೂತ ಹುರುಪು ನೋಡಿ ನಮ್ಮತ್ತೆಗೇ ಆಶ್ಚರ್ಯ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಸೀರೆ ನೇಯುತ್ತಿದ್ದಾಗಲೇ ನಮ್ಮ ಯಜಮಾನರಿಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಚಳ್ಳಕೆರೆಯಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಮಾಡುವ ಒಬ್ಬರು ಅಂಗಡಿ ಮುಂದೆ ಹೊಸದಾಗಿ "ವೆಬ್‌ಸೈಟ್ ಮಾಡಿಕೊಡಲಾಗುವುದು" ಎಂದು ಬೋರ್ಡು ಹಾಕಿದ್ದರು. ತವರಿಗೆ ಹೋದಾಗ ನಾನೇ ಅದನ್ನು ನೋಡಿ ಬಂದು ಹೇಳಿದ್ದೆ. ಅವರು ಲಗ್ನಪತ್ರಿಕೆಯನ್ನೂ ಫ್ಲೆಕ್ಸನ್ನೂ ಒಟ್ಟಿಗೆ ಕಲಸಿ ನಮ್ಮ ವೆಬ್‌ಸೈಟ್ ಮಾಡಿಕೊಟ್ಟರು. ಮೇಲೆ ಗಣಪತಿ, ಎರಡೂ ಪಕ್ಕ ಮಿಣುಕುವ ದೀಪ, ದುಂಡನೆಯ ಚೌಕಟ್ಟಿನೊಳಗೆ ಕೈಮುಗಿದ ಮಾವ. ಪುರಸಭೆ ಚುನಾವಣೆಗೆ ನಿಂತವರ ಹಾಗೆ ಕಾಣುತ್ತಿದ್ದರು. ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ನಮಗೆ ಹಿಗ್ಗೋ ಹಿಗ್ಗು. ಓಣಿಯವರಿಗೆಲ್ಲ ತೋರಿಸಿದೆವು. ಗಣಪತಿಯಿಂದ ಮಾವನವರೆಗೆ ನೋಡಿ ಎಲ್ಲರೂ ಚೆನ್ನಾಗಿದೆ ಅಂದರು. ಅದಕ್ಕಿಂತ ಕೆಳಗೆ ಯಾರೂ ಹೋಗಲಿಲ್ಲ, ನಾವೂ ಹೋಗಲಿಲ್ಲ.

ಅದರಲ್ಲಿ ಹಾಕಿದ್ದ ಸೀರೆಗಳೆಲ್ಲ ಮಡಿಸಿದವೇ. ಅದು ನಮ್ಮ ಮನೆಯ ಪದ್ಧತಿ. ಮಗ್ಗದಿಂದ ಇಳಿಸಿ, ಮಡಿಸಿ, ಮೂಲೆಗೆ ಒಂದಿಷ್ಟು ಅರಿಸಿನ ಕುಂಕುಮ ಮುಟ್ಟಿಸಿದ ಮೇಲೆ ಆ ಸೀರೆಯನ್ನು ನಾವು ಪೂರ್ತಿ ಬಿಚ್ಚುತ್ತಿರಲಿಲ್ಲ. ಮೊದಲ ಸಲ ಮಡಿಕೆ ಬಿಚ್ಚುವ ಹಕ್ಕು ಉಡುವವರದು. ಮನೆಗೆ ಬಂದ ಗಿರಾಕಿಗೂ ಅಂಚು, ಗೇಣುದ್ದ ಸೆರಗು ತೋರಿಸುತ್ತಿದ್ದೆವು, ಅಷ್ಟೇ. ಅದರಿಂದ ಯಾರಿಗೂ ಅನುಮಾನ ಬಂದಿದ್ದಿಲ್ಲ. ಬಂದವರು ಜಗಲಿಯಲ್ಲಿ ಕೂತು, ಮಗ್ಗ ನೋಡಿ, ಅತ್ತೆ ಕೊಟ್ಟ ಚಹ ಕುಡಿದು, ಆಮೇಲೆ ಸೀರೆ ಮುಟ್ಟುತ್ತಿದ್ದರು. ಸೀರೆ ಮುಟ್ಟುವ ಮೊದಲೇ ಅವರಿಗೆ ನಮ್ಮ ಮೇಲೆ ನಂಬಿಕೆ ಹುಟ್ಟಿರುತ್ತಿತ್ತು.

ಸೀರೆ ಮುಗಿಯಿತು. ಮಾವ ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ನಾನು ಸುಮಂಗಲಾ ಅವರಿಗೆ ಮಡಿಸಿದ ಸೀರೆಯ ಫೋಟೊ, ಯಜಮಾನರ ಬ್ಯಾಂಕ್ ಖಾತೆಯ ವಿವರ ಕಳಿಸಿದೆ. ಅಷ್ಟರಲ್ಲೇ ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತೋ ಏನೋ. ಅವರಿಗೆ ಇನ್ನಷ್ಟು ಧೈರ್ಯ ಬರಲಿ ಅಂತ, "ನಮ್ಮದು ವೆಬ್‌ಸೈಟೂ ಇದೆ, ನೋಡಿ ಮೇಡಂ" ಎಂದು ಲಿಂಕ್ ಕಳಿಸಿದೆ.

ಆ ದಿನ ಉತ್ತರ ಬರಲಿಲ್ಲ. ಮಾರನೆಯ ದಿನ, ಸೀರೆಯನ್ನು ಪೂರ್ತಿ ಬಿಚ್ಚಿ, ಸೆರಗು ಹರಡಿ ವಿಡಿಯೊ ಮಾಡಿ ಕಳಿಸಿ ಎಂದು ಬರೆದರು. ಮಾತಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ನಾನು ಮಾವನನ್ನು ಕೇಳಿದೆ.

"ಬಿಚ್ಚಬ್ಯಾಡಮ್ಮ. ಅದು ಆ ಯಮ್ಮನ ಸೀರೆ. ಅವರ ಮನ್ಯಾಗೆ, ಅವರ ಕೈಯಾಗೇ ಬಿಚ್ಚಬೇಕು. ನಾವು ಬಿಚ್ಚಿ ಕೊಟ್ರೆ ಹಳೇ ಸೀರೆ ಕೊಟ್ಟಂಗಾತೈತೆ" ಎಂದರು.

ನಾನು ಅದನ್ನೇ ನಯವಾಗಿ ಬರೆದು ಕಳಿಸಿದೆ. ನಮ್ಮ ಪದ್ಧತಿ ಹೀಗೆ, ದಯವಿಟ್ಟು ನಂಬಿ ಎಂದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಬೋರ್‌ವೆಲ್ ಕೊರೆಯುವವರು ಸೀರೆ ಯಾವಾಗಿನಿಂದ ಮಾರುತ್ತೀರಿ? ನಮ್ಮ ತಾಯಿಯ ಆಸೆಯ ಮೇಲೆ ಮೋಸ ಮಾಡಲು ಬಂದಿರಾ? ನಿಮ್ಮ ನಂಬರನ್ನು ನಮ್ಮ ಗ್ರೂಪಿನಲ್ಲೆಲ್ಲ ಹಾಕಿದ್ದೇನೆ."

ಬೋರ್‌ವೆಲ್ ಎಲ್ಲಿಂದ ಬಂತು ಅಂತ ನನಗೆ ತಲೆಬುಡ ತಿಳಿಯಲಿಲ್ಲ. ಯಜಮಾನರು ವೆಬ್‌ಸೈಟ್ ತೆರೆದು ಕೆಳಗೆ, ಇನ್ನೂ ಕೆಳಗೆ ಹೋದರು. ಚಳ್ಳಕೆರೆಯ ಆ ಅಂಗಡಿಯವರು ಮೊದಲು ರಾಂಪುರದ ಕಡೆಯ ಬೋರ್‌ವೆಲ್ ಲಾರಿಯವರಿಗೆ ಒಂದು ವೆಬ್‌ಸೈಟ್ ಮಾಡಿದ್ದರು. ಅದನ್ನೇ ನಕಲು ಮಾಡಿ, ಮೇಲಿನ ಅರ್ಧ ಮಾತ್ರ ಬದಲಿಸಿ ನಮಗೆ ಕೊಟ್ಟಿದ್ದರು. ಸೀರೆಗಳ ಕೆಳಗೆ ಬೋರ್‌ವೆಲ್‌ನವರ ವಿಳಾಸವಿತ್ತು. ಅದರ ಕೆಳಗೆ ನಿಬಂಧನೆಗಳು: ನೀರು ಬೀಳದಿದ್ದರೆ ನಾವು ಜವಾಬ್ದಾರರಲ್ಲ, ಯಾವುದೇ ಕಾರಣಕ್ಕೂ ಹಣ ವಾಪಸ್ ಇಲ್ಲ.

ಬೇರೆಯವರ ಮನೆಯಲ್ಲಿ ನಡೆದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತು ಅಳು ಬಂತು. ಒಮ್ಮೆ ಮೋಸ ಹೋಗಿದ್ದ ಹೆಣ್ಣುಮಗಳು ಇನ್ನೇನು ತಿಳಿದುಕೊಳ್ಳಬೇಕು? ಆ ಜಾಗದಲ್ಲಿ ನಾನಿದ್ದರೂ ಹಾಗೇ ಬೈಯುತ್ತಿದ್ದೆ.

ನನ್ನ ಮುಖ ನೋಡಿ ಮಾವ ಏನು ಬಂದಿದೆ ಓದು ಅಂದರು. ಮುಚ್ಚಿಡಲು ನೋಡಿದೆ, ಬಿಡಲಿಲ್ಲ. ಓದಿದೆ. ಮೋಸ ಅನ್ನುವ ಮಾತಿಗೆ ಬಂದಾಗ ಅವರು ಕೈಯೆತ್ತಿ ಸಾಕು ಅಂದರು. ಹೆಗಲ ಮೇಲಿನ ಟವೆಲ್ ತೆಗೆದು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು. ಊಟಕ್ಕೆ ಕರೆದರೆ ಬರಲಿಲ್ಲ.

ಸಂಜೆಗೆ ಅವರೇ ನನ್ನನ್ನು ಕರೆದರು. ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಬಿಳಿ ಪಂಚೆ ಹರಡಿದ್ದರು. ಸೀರೆ ತರಲು ಹೇಳಿದರು. ಅತ್ತೆ ಬೇಡ ಅಂದರು. ಮಾವ ಅತ್ತೆಯ ಕಡೆ ನೋಡದೆ ಒಂದೊಂದೇ ಮಡಿಕೆ ಬಿಚ್ಚುತ್ತಾ ಹೋದರು. ಸೆರಗು ಹರಡಿದಾಗ ಆ ಸಣ್ಣ ರುದ್ರಾಕ್ಷಿಗಳು ಉದ್ದಕ್ಕೂ ಸಾಲಾಗಿ ಎದ್ದು ಕಂಡವು. ಅಷ್ಟು ಚೆಂದದ ಸೀರೆಯನ್ನು ನಾನು ನಮ್ಮ ಮನೆಯಲ್ಲಿ ನೋಡಿರಲಿಲ್ಲ. ಹಾಗೆ ಪೂರ್ತಿ ಬಿಚ್ಚಿದ ಸೀರೆಯನ್ನೂ ನೋಡಿರಲಿಲ್ಲ.

"ತೆಗಿಯಮ್ಮ ಫೋಟೊ. ನನ್ನ ಕೈನೂ ಬರ್ಲಿ" ಎಂದರು.

ತೆಗೆದು ಕಳಿಸಿದೆ. ವಾಟ್ಸಾಪಿನಲ್ಲಿ ಫೋಟೊದ ಕೆಳಗೆ ಒಂದೇ ಗೆರೆ ಬಿತ್ತು. ತಲುಪಿತು ಅನ್ನುವ ಎರಡನೆಯದು ಬರಲಿಲ್ಲ. ಅವರು ನನ್ನ ನಂಬರನ್ನು ಬ್ಲಾಕ್ ಮಾಡಿದ್ದರು. ಯಜಮಾನರು ತಮ್ಮ ಫೋನಿನಿಂದ ಕರೆ ಮಾಡಿ ಮೊಳಕಾಲ್ಮೂರಿನಿಂದ ಅನ್ನುವಷ್ಟರಲ್ಲಿ ಅದೂ ಕಟ್ಟಾಯಿತು, ಮತ್ತೆ ಕರೆ ಹೋಗಲಿಲ್ಲ. ಮನೆ ವಿಳಾಸ ಅವರಿನ್ನೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಬಸ್ಸು ಹತ್ತಿ ನಾನೇ ಹೋಗಿಬಿಡುತ್ತಿದ್ದೆ.

"ನೋಡಿದ್ರಾ?" ಎಂದು ಮಾವ ಕೇಳಿದರು. ಇನ್ನೂ ಇಲ್ಲ ಮಾವ ಅಂದೆ. ಮಾರನೆಯ ದಿನವೂ ಕೇಳಿದರು, ಅದರ ಮಾರನೆಯ ದಿನವೂ.

ಆ ವೆಬ್‌ಸೈಟನ್ನು ಅವತ್ತೇ ತೆಗೆಸಿದೆವು. ಈಗ ಬೇರೆಯವರಿಂದ ಮಾಡಿಸಿದ್ದೇವೆ. ಗಣಪತಿ ಇಲ್ಲ, ಮಿಣುಕುವ ದೀಪವಿಲ್ಲ. ನಮ್ಮ ವಿಳಾಸ, ಬೆಲೆ, ಮಗ್ಗದ ವಿಡಿಯೊ ಎಲ್ಲ ಇದೆ. ಪ್ರತಿ ಸಾಲನ್ನೂ ನಾನೇ ಕೊನೆಯ ತನಕ ಓದಿದ್ದೇನೆ. ಸೀರೆಗಳನ್ನು ಬಿಚ್ಚಿ ಹರಡಿಯೇ ಫೋಟೊ ತೆಗೆಯುತ್ತೇನೆ. ಆರ್ಡರೂ ಬರುತ್ತಿವೆ. ಫೋಟೊ ತೆಗೆಯುವ ಹೊತ್ತಿಗೆ ಮಾವ ಬೇಡ ಅನ್ನುವುದಿಲ್ಲ, ಎದ್ದು ಹೊರಗೆ ಹೋಗುತ್ತಾರೆ. ರುದ್ರಾಕ್ಷಿ ಅಂಚು ಕೇಳಿದವರಿಗೆ ನೇಯುವುದಿಲ್ಲ ಅಂತ ಹೇಳಿಸುತ್ತಾರೆ.

ಆ ಸೀರೆ ಅತ್ತೆಯ ಟ್ರಂಕಿನಲ್ಲಿದೆ. ಬಿಚ್ಚಿದ್ದನ್ನು ಮಾರಲು ಮಾವ ಒಪ್ಪಲಿಲ್ಲ, ನಮ್ಮಲ್ಲಿ ಯಾರಿಗೂ ಉಡಲು ಮನಸ್ಸಾಗಲಿಲ್ಲ. ಮೊಮ್ಮಗಳ ಮದುವೆ ಯಾವಾಗಲೋ ಮುಗಿದಿರಬೇಕು. ಆ ತಾಯಿ ಅವತ್ತು ಯಾವ ಸೀರೆಯ ಅಂಚನ್ನು ಸವರಿ ನೋಡಿ, ಇದಲ್ಲ ಅಂದರೋ ಅಂತ ನೆನೆದರೆ ಸಂಕಟವಾಗುತ್ತದೆ.

ಈಚೆಗೆ ಹೊಸ ಫೋನ್ ತೆಗೆದುಕೊಂಡೆ. ಹಳೆಯದನ್ನೆಲ್ಲ ಅಳಿಸಿದರೂ ಆ ಫೋಟೊ ಅಳಿಸಲಿಲ್ಲ. ಹರಡಿದ ಸೆರಗು, ಅದರ ತುದಿ ಹಿಡಿದ ಮಾವನ ಕೈ, ಕೆಳಗೆ ಒಂದೇ ಗೆರೆ. ನೋಡಿದ್ರಾ ಅಂತ ಮಾವ ಈಗ ಕೇಳುವುದಿಲ್ಲ. ನಾನು ಆಗಾಗ ತೆಗೆದು ನೋಡುತ್ತೇನೆ.