ಗೆಳತಿಯ ಬರಹದ ಕೆಳಗೆ ಮೂರು ಸಾಲು

ನಮ್ಮ ಶಿಡ್ಲಘಟ್ಟದ ಕಡೆಯ ಮಕ್ಕಳ ನೋಟ್‌ಬುಕ್ಕಿಗೆ ಒಂದು ವಾಸನೆ ಇರುತ್ತದೆ. ಹುಳು ಸಾಕುವ ಮನೆಯಿಂದ ಬಂದದ್ದಕ್ಕೆ ಹಸಿ ಹಿಪ್ಪುನೇರಳೆ ಸೊಪ್ಪಿನದು, ನೂಲು ಬಿಚ್ಚುವ ಮನೆಯಿಂದ ಬಂದದ್ದಕ್ಕೆ ಬೆಂದ ರೇಷ್ಮೆಗೂಡಿನದು. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯ ಪಕ್ಕ ಹುಟ್ಟಿ ಬೆಳೆದ ನನ್ನ ಮೂಗು ಈ ಎರಡನೆಯದಕ್ಕೆ ಒಗ್ಗಿಕೊಳ್ಳಲು ಎರಡು ವರ್ಷ ಹಿಡಿಯಿತು. ಕನ್ನಡ ಕಲಿಸುವ ನಾನು ಈಗ ಕಣ್ಣು ಮುಚ್ಚಿಕೊಂಡೇ ಯಾವ ಪುಸ್ತಕ ಯಾವ ಮನೆಯದೆಂದು ಹೇಳಬಲ್ಲೆ, ನೀವು ನಂಬಬೇಕು.

ಕಳೆದ ವರ್ಷ ನನಗೊಂದು ಹುಕಿ ಬಂತು. ಎಷ್ಟು ಕಾಲ ನಾನೊಬ್ಬಳೇ ಕೆಂಪು ಶಾಯಿ ಸುರಿಯುವುದು, ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಕೆಳಗೆ ಮೂರು ಸಾಲು ಅಭಿಪ್ರಾಯ ಬರೆಯಲಿ ಎಂದು ಒಂಬತ್ತನೇ ತರಗತಿಗೆ ಶುಕ್ರವಾರ ಮಧ್ಯಾಹ್ನದ ಪೀರಿಯಡ್ಡನ್ನು ಮೀಸಲಿಟ್ಟೆ. ಮೊದಲ ವಾರ ಎಲ್ಲ ಪುಸ್ತಕದಲ್ಲೂ ಒಂದೇ ಮಾತು, 'ತುಂಬಾ ಚೆನ್ನಾಗಿದೆ'. ನೆಂಟರ ಮನೆಯ ಉಪ್ಪಿಟ್ಟಿಗೆ ನಾವೆಲ್ಲ ಹೇಳುವುದೂ ಅದನ್ನೇ ತಾನೆ? ನನಗೆ ರೇಗಿತು. "ಹಿಂಗೆ ಬೆಣ್ಣೆ ಹಚ್ಚೋದಕ್ಕಲ್ಲ ಕಣ್ರಪ್ಪ ನಾನು ಹೇಳಿದ್ದು, ಸರಿಯಾಗಿ ಪರೀಕ್ಷೆ ಮಾಡಿ ಬರೀರಿ" ಅಂದುಬಿಟ್ಟೆ. ಪರೀಕ್ಷೆ ಎಂಬ ಮಾತಿಗೆ ಈ ಊರಿನಲ್ಲಿ ಏನರ್ಥ ಎಂಬುದನ್ನು ಒಂದು ಕ್ಷಣ ಯೋಚಿಸಲಿಲ್ಲ.

ಮುಂದಿನ ಶುಕ್ರವಾರ ಸಾದಲಿ ಕಡೆಯ ಶೋಭಾಳ ಬರಹ ಮುಬೀನಾಳ ಕೈಗೆ ಹೋಯಿತು. ಶೋಭಾಳದು ಹುಳು ಸಾಕುವ ಮನೆ, ಮುಬೀನಾಳ ಅಪ್ಪ ಗೂಡು ಕೊಂಡು ನೂಲು ಬಿಚ್ಚುವವರು. ನಾಲ್ಕನೇ ಜ್ವರದಿಂದ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು ಹೇಗೆ ಬಕಾಸುರನ ಹಾಗೆ ಸೊಪ್ಪು ತಿನ್ನುತ್ತದೆ, ಅದೇ ವಾರ ಅಜ್ಜಿ ಹಾಸಿಗೆ ಹಿಡಿದಾಗ ಅಮ್ಮ ಹುಳುವನ್ನು ನೋಡಿಕೊಳ್ಳುವುದೋ ಅಜ್ಜಿಯನ್ನೋ ತಿಳಿಯದೆ ಬಾಗಿಲಲ್ಲಿ ನಿಂತದ್ದು ಹೇಗೆ, ಎಲ್ಲವನ್ನೂ ಆ ಹುಡುಗಿ ನನ್ನಿಂದ ಹೆಚ್ಚಿಗೆ ಹಾಳೆ ಕೇಳಿ ಪಡೆದು ಬರೆದಿದ್ದಳು. ಕೆಳಗೆ ಮುಬೀನಾಳ ಮೂರು ಸಾಲು: 'ಮೊದಲನೇ ಪ್ಯಾರಾ ಟೊಳ್ಳು. ಎರಡನೇದು ಡಬಲ್, ಅಜ್ಜಿ ವಿಷಯ ಹುಳದ ವಿಷಯ ಒಂದರಲ್ಲೇ ಸೇರಿಕೊಂಡಿದೆ. ಕೊನೇದು ಕಲೆ, ತೆಗೆಯಬೇಕು.' ಎರಡು ಹುಳು ಸೇರಿ ಕಟ್ಟಿದ ಗೂಡಿಗೆ ಇಲ್ಲಿ ಡಬಲ್ ಎನ್ನುತ್ತಾರೆ, ಅದರ ನೂಲು ಸಲೀಸಾಗಿ ಬಿಚ್ಚಿ ಬರುವುದಿಲ್ಲ; ಕಲೆ ಎಂದರೆ ಮಚ್ಚೆ ಬಿದ್ದು ಕೆಟ್ಟ ಗೂಡು.

ಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ತಿಂಗಳಿಡೀ ಮನೆಮಂದಿಯೆಲ್ಲ ಸೊಪ್ಪು ಹಾಕಿ ಸಾಕಿದ ಗೂಡನ್ನು ರೈತ ರಾಶಿ ಹಾಕಿಕೊಂಡು ನಿಂತಿರುತ್ತಾನೆ. ಕೊಳ್ಳುವವರು ಬಂದು ಒಂದು ಹಿಡಿ ಎತ್ತಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಅವನ ಎದುರಿಗೇ ಇದು ಮೆತ್ತಗೆ, ಇದು ಕಲೆ ಎಂದು ಎಣಿಸುತ್ತಾರೆ. ಶೋಭಾ ಎಷ್ಟು ಸಲ ಆ ರಾಶಿಯ ಹಿಂದೆ ಅಪ್ಪನ ಪಕ್ಕ ನಿಂತು ಅಪ್ಪನ ಮುಖ ನೋಡಿದ್ದಳೋ! ಮೂರು ಸಾಲು ಓದಿದವಳು ಅಳಲಿಲ್ಲ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅದರ ಮುಂದಿನ ವಾರ ಅವಳು ಬರೆದು ತಂದದ್ದು 'ರೇಷ್ಮೆಯು ನಮ್ಮ ನಾಡಿನ ಹೆಮ್ಮೆಯಾಗಿದೆ' ಎಂದು ಗೈಡಿನಿಂದ ಇಳಿಸಿದ ಒಂದು ಪುಟ. ಅದರಲ್ಲಿ ಹುಡುಕಿದರೂ ತಪ್ಪಿರಲಿಲ್ಲ, ಶೋಭಾಳೂ ಇರಲಿಲ್ಲ. ಈ ಹುಡುಗಿ ಇನ್ನು ಜೀವನಪೂರ್ತಿ ಹೀಗೇ ಬರೆದುಬಿಟ್ಟರೆ ಎಂದು ನನಗೆ ನಿಜಕ್ಕೂ ಭಯವಾಯಿತು.

ಮುಬೀನಾಳನ್ನು ಸ್ಟಾಫ್ ರೂಮಿಗೆ ಕರೆದು, ಯಾಕಮ್ಮ ಅಷ್ಟು ಕಟುವಾಗಿ ಬರೆದೆ ಎಂದೆ. ಅವಳು ಪಿಳಿಪಿಳಿ ಕಣ್ಣು ಬಿಟ್ಟಳು.

"ಚೆನ್ನಾಗಿಲ್ದಿರೋ ಗೂಡಿಗೆ ನಮ್ಮ ಅಬ್ಬಾ ಕೈನೇ ಹಾಕಲ್ಲ ಮಿಸ್, ಸುಮ್ನೆ ದಾಟ್ಕೊಂಡು ಹೋಗ್ತಾರೆ. ಬೇಕು ಅನ್ಸಿದ್ರೆ ತಾನೇ ಅಷ್ಟೊತ್ತು ನಿಂತ್ಕೊಂಡು ನೋಡೋದು? ಶೋಭಾದು ನಾನು ನಾಕು ಸಲ ಓದ್ದೆ."

"ಅದನ್ನ ಅವಳಿಗೆ ಹೇಳಿದ್ಯಾ?"

"ಅದನ್ನೂ ಹೇಳ್ಬೇಕಾ ಮಿಸ್?"

ಇಪ್ಪತ್ತು ವರ್ಷದಿಂದ ಕೆಂಪು ಶಾಯಿಯಲ್ಲಿ ಗೀಚಿದ ನಾನೂ ಯಾವ ಮಗುವಿಗೂ ಅದನ್ನು ಹೇಳಿದವಳಲ್ಲ. ಪ್ರೀತಿ ತಾನಾಗಿ ತಿಳಿಯುತ್ತದೆಂದು ನಂಬಿಕೊಂಡು ತಪ್ಪನ್ನು ಮಾತ್ರ ಬಾಯಿಬಿಟ್ಟು ಹೇಳುವ ಜಾತಿ ನಮ್ಮದು. ಶೋಭಾಳಿಗೆ ಹೇಳು ಎಂದು ಕಳಿಸಿದೆ. ಹೇಳಿದಳಂತೆ, ಶೋಭಾ ತಲೆಯಾಡಿಸಿದಳಂತೆ, ಅಷ್ಟೆ.

ಆಗ ನನಗೆ ಹೊಳೆದದ್ದು ಒಂದೇ ದಾರಿ, ನಾನೂ ಅವಳ ಎದುರು ನನ್ನ ರಾಶಿ ಹಾಕಿಕೊಂಡು ನಿಲ್ಲುವುದು. ತೀರಿಕೊಂಡ ನನ್ನ ಅಮ್ಮನ ಮೇಲೆ ನಾನು ಬರೆದು ಬಚ್ಚಿಟ್ಟಿದ್ದ ಎರಡು ಪುಟವನ್ನು ಶೋಭಾಳ ಕೈಗೆ ಕೊಟ್ಟು, ಮೂರು ಸಾಲು ಬರೆದುಕೊಡಮ್ಮ ಎಂದೆ. ತ್ಯಾಗಮಯಿ, ಸಹನೆಯ ಸಾಕಾರ, ಮೌನದ ದೀಪ, ಏನೇನು ಸಾಧ್ಯವೋ ಎಲ್ಲ ಅದರಲ್ಲಿತ್ತು. ಹುಡುಗಿ ಮೂರು ದಿನ ಇಟ್ಟುಕೊಂಡು ಒಂದೇ ಸಾಲು ಬರೆದು ತಂದಳು: 'ಮಿಸ್, ನಿಮ್ಮ ಅಮ್ಮ ಇದರಲ್ಲಿ ಒಂದು ಸಲಾನೂ ಮಾತಾಡಿಲ್ಲ.'

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ನನಗೆ ಬಂದ ಕೋಪ ನೋಡಬೇಕಿತ್ತು ನೀವು. ಇವಳಿಗೇನು ಗೊತ್ತು ನನ್ನ ಅಮ್ಮ, ಎಂದು ಮನೆಯವರೆಗೂ ಗೊಣಗುತ್ತಾ ಹೋದೆ. ಕಾಲು ತೊಳೆದು ಕಾಫಿಗೆ ನೀರಿಡುವ ಹೊತ್ತಿಗೆ ಅಮ್ಮನ ದನಿ ಕೇಳಿದಂತಾಯಿತು. ಮಂಡಿಯಲ್ಲಿ ಟೊಮೆಟೊ ಆರಿಸುತ್ತಿದ್ದ ಆಕೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೊಳೆತ ಹಣ್ಣಿಗೂ ಬೈಯುತ್ತಿದ್ದಳು, ಒಳ್ಳೆಯದಕ್ಕೂ ಬೈಯುತ್ತಿದ್ದಳು, ನಗುತ್ತಿದ್ದರೆ ಆಚೆ ಬೀದಿಗೆ ಕೇಳುತ್ತಿತ್ತು. ಅಂಥವಳನ್ನು ದೊಡ್ಡವಳಾಗಿಸುವ ಭರದಲ್ಲಿ ನಾನೇ ಬಾಯಿ ಮುಚ್ಚಿಸಿದ್ದೆ. ಸ್ಟವ್ ಆರಿಸಿ ಕೂತು ಚೆನ್ನಾಗಿ ಅತ್ತೆ.

ಮರುದಿನ ತರಗತಿಯಲ್ಲಿ ಆ ಸಾಲನ್ನು ಎಲ್ಲರಿಗೂ ಓದಿ ಹೇಳಿದೆ. ಕೋಪ ಬಂದದ್ದನ್ನೂ ಹೇಳಿದೆ, ಅತ್ತದ್ದನ್ನೂ ಹೇಳಿದೆ. "ಮಿಸ್, ನಿಮಗೂ ಬೇಜಾರಾಯ್ತಾ?" ಎಂದಳು ಶೋಭಾ. ತುಂಬಾ ಆಯಿತಮ್ಮ, ಆದರೆ ನೀನು ಹೇಳದಿದ್ದರೆ ನಮ್ಮಮ್ಮ ನನಗೆ ಸಿಗುತ್ತಿರಲಿಲ್ಲ ಎಂದೆ.

ಶುಕ್ರವಾರ ಬಂತು. ಶೋಭಾ ಪುಸ್ತಕ ಹಿಡಿದು ಬಂದಳು, ಮೇಜಿನ ಬಳಿ ಕೈ ಚಾಚಿ ನಿಂತಿದ್ದ ನನ್ನನ್ನು ದಾಟಿ ನೇರವಾಗಿ ಮೂರನೇ ಬೆಂಚಿಗೆ ಹೋದಳು. "ತಗೊಳೇ ಮುಬೀನಾ, ಅಜ್ಜೀನ ಬೇರೆ ಮಾಡಿ ಬರ್ದಿದೀನಿ. ಎಲ್ಲಿ ಟೊಳ್ಳಿದೆ ನೋಡು. ನಾಕು ಸಲ ಓದ್ಬೇಕು, ಹೇಳಿರ್ತೀನಿ" ಅಂದಳು. ಮುಬೀನಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಎರಡು ತಲೆ ಒಂದೇ ಪುಟದ ಮೇಲೆ ಬಾಗಿದವು. ಪೀರಿಯಡ್ ಮುಗಿಯುವವರೆಗೆ ಇಬ್ಬರಲ್ಲಿ ಒಬ್ಬರಿಗೂ ನನ್ನ ನೆನಪಾಗಲಿಲ್ಲ.