ಗುಳಿಗೆಯ ಮೇಲೊಂದು ಸೌಟು ತುಪ್ಪ

ನಮ್ಮ ಬನಹಟ್ಟಿಯಲ್ಲಿ ಪಂಕ್ತಿಗೆ ತುಪ್ಪ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವನನ್ನು ಜನ ಕನಿಕರದಿಂದ ನೋಡುತ್ತಾರೆ. ಅಪ್ಪ ಯಾವತ್ತೂ ಹಿಡಿದವನಲ್ಲ. ಅವನ ಮಗ ನಾನೂ ಹಿಡಿದವನಲ್ಲ. ಅಪ್ಪ ಐವತ್ತೆರಡನೆಯ ವಯಸ್ಸಿಗೆ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಒಂದೆಳೆ ನೂಲು ಹರಿದರೆ ತಾನಾಗಿ ನಿಲ್ಲುವ ಪವರ್‌ಲೂಮ್ ಅವತ್ತು ನಿಲ್ಲಲಿಲ್ಲ. ನಾನೇ ಓಡಿಹೋಗಿ ಸ್ವಿಚ್ ಆರಿಸಿದೆ.

ನನಗೆ ಐವತ್ತೊಂದು ತುಂಬಿದ ವಾರ ಜಮಖಂಡಿಯ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಇದ್ದ ಸಾಲಿನ ಕೆಳಗೆ ಗೆರೆ ಎಳೆದರು. ಅಪ್ಪನ ಸುದ್ದಿ ಕೇಳಿ ಇನ್ನೊಂದು ಗೆರೆ ಎಳೆದರು. ಆ ಎರಡನೆಯ ಗೆರೆ ನೋಡುತ್ತ ಐವತ್ತೆರಡರಿಂದ ಐವತ್ತೊಂದನ್ನು ಕಳೆದು ನೋಡಿದೆ. ಅಪ್ಪನ ವಯಸ್ಸು ದಾಟಬೇಕು, ಅಷ್ಟೇ ನನ್ನ ಆಸೆಯಾಗಿತ್ತು.

ದಿನಕ್ಕೊಂದು ಗುಳಿಗೆ, ಜೊತೆಗೆ ಪಥ್ಯ. ಭಜಿ ಬಿಟ್ಟೆ, ಚಹಾದ ಜೊತೆಗಿನ ಖಾರಿ ಬಿಟ್ಟೆ. ಬೆಳಿಗ್ಗೆ ಎದ್ದು ರಬಕವಿಯವರೆಗೆ ನಡೆದು ಬಂದೆ. ದಾರಿಯಲ್ಲಿ ಭಜಿ ಅಂಗಡಿಯವನು ಪ್ರೀತಿಯಿಂದ ಕರೆದರೆ ಅವನ ಮೇಲೆಯೇ ರೇಗಿದೆ. ಇಷ್ಟೆಲ್ಲ ಮಾಡಿಯೂ ಮೂರು ತಿಂಗಳ ನಂತರದ ರಿಪೋರ್ಟು ಇದ್ದಲ್ಲೇ ಇತ್ತು.

"ಗುಳಿಗಿ ನಾಟವಲ್ದು" ಎಂದು ಅವ್ವ, ಡಾಕ್ಟರಮ್ಮನನ್ನೇ ವಿಚಾರಿಸಲು ನನ್ನ ಜೊತೆ ಬಸ್ ಹತ್ತಿದಳು.

"ಗುಳಿಗಿ ದಿನಾ ತಗೊಂತಾರೇನ್ರಿ?" ಡಾಕ್ಟರಮ್ಮ ಅವಳನ್ನು ಕೇಳಿದರು.

"ನಾನ ಕೈಯಾಗ ಕೊಡ್ತೇನ್ರಿ. ಭಾಳ ಉಷ್ಣ ಅಲ್ರಿ ಅದು? ಅದಕ್ಕ ಮ್ಯಾಲೆ ಒಂದು ಸೌಟು ತುಪ್ಪ ಕುಡಸ್ತೇನ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದಿನಾನೂ?"

"ಒಂದು ದಿನಾನೂ ತಪ್ಪಿಸಿಲ್ರಿ."

ಮೂರು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಕುಡಿದವನು ನಾನೇ. ಅದು ಔಷಧದ ಭಾಗ, ಊಟದ್ದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ, ರುಚಿಯಾಗಿತ್ತು ನೋಡಿ. ಆದರೂ ಸಿಟ್ಟು ನೆತ್ತಿಗೇರಿ, "ನನ್ನ ಕೊಲ್ಲಾಕ ಹೊಂಟೀಯೇನವ್ವಾ?" ಎಂದು ಕೂಗಿಬಿಟ್ಟೆ.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಿಮ್ಮಪ್ಪಗೂ ನಾನ ಬಡಸ್ತಿದ್ದೆ" ಎಂದಳು. ನನಗೆ ನನ್ನ ನಾಲಿಗೆ ಕಿತ್ತುಕೊಳ್ಳಬೇಕೆನಿಸಿತು.

"ಹಂಗ ತಿಳಕೋಬ್ಯಾಡ್ರಿ, ಯವ್ವಾ" ಎಂದರು ಡಾಕ್ಟರಮ್ಮ. "ಕೆಲವು ಮನಿತನದಾಗ ಇದು ರಕ್ತದಾಗ ಬಂದಿರ್ತೈತಿ. ಅವರಿಗೆ ಯಾರೂ ಪರೀಕ್ಷಾ ಮಾಡಿರಲಿಲ್ಲ. ಇವರಿಗೆ ಮಾಡೇವಿ. ಇನ್ನ ಮುಂದಿಂದು ನಿಮ್ಮ ಕೈಯಾಗೈತಿ."

ಅಷ್ಟು ಹೇಳಿದ್ದೇ ಸಾಕಾಯಿತು. ಮನೆ ಸೇರಿದವಳೇ ಅವ್ವ ನನ್ನ ಹೆಂಡತಿಯ ಕೈಯಿಂದ ಅಡುಗೆಮನೆ ಕಸಿದುಕೊಂಡಳು. ತುಪ್ಪದ ಡಬ್ಬಿ ಪಕ್ಕದ ಮನೆಗೆ ಹೋಯಿತು, ಒಗ್ಗರಣೆಯ ಎಣ್ಣೆ ಚಮಚಕ್ಕಿಳಿಯಿತು. ರೊಟ್ಟಿಗೆ ಅಗಸಿ ಚಟ್ನಿ, ಮೊಳಕೆ ಹೆಸರುಕಾಳು, ಹಸಿ ಮೆಂತ್ಯ ಸೊಪ್ಪು. ಗುಳಿಗೆ ಬರೀ ನೀರಿನಲ್ಲಿ, ಅವಳ ಕಣ್ಣೆದುರಿಗೇ.

"ಎಮ್ಮಿಗೆ ಹಾಕೂದು ನನಗ ಹಾಕ್ತಿ" ಎಂದು ಗೊಣಗಿದರೆ, "ಎಮ್ಮಿಗೆ ಎದಿ ಹಿಡದದ್ದು ಯಾವತ್ತಾರ ಕೇಳೀಯೇನಲೇ?" ಎನ್ನುತ್ತಿದ್ದಳು.

ಮುಂದಿನ ರಿಪೋರ್ಟಿಗೆ ಡಾಕ್ಟರಮ್ಮ ಗೆರೆ ಎಳೆಯಲಿಲ್ಲ. "ಛಲೋ ಆಗೈತಿ ಅಂತ ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಎಂದರು. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕುಣಿಯುವುದೊಂದು ಬಾಕಿ, ಅಷ್ಟು ಹಿಗ್ಗಿದ್ದೆ.

ಅದಾದ ಮೇಲೆ ಒಂದೂವರೆ ವರ್ಷ ಒಂದೇ ಒಂದು ಗೆರೆಯೂ ಬಿದ್ದಿಲ್ಲ. ಹೋದ ತಿಂಗಳು ನನಗೆ ಐವತ್ಮೂರು ತುಂಬಿತು. ಅದೇ ವಾರ ಮುಧೋಳದಲ್ಲಿ ಮಗಳನ್ನು ಕೊಟ್ಟ ಬೀಗರ ಮನೆಯಲ್ಲಿ ಹೋಳಿಗೆ ಊಟ. ಅವ್ವ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಬೀಗರು ತುಪ್ಪದ ತಂಬಿಗೆ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದರು. ಬೀಗರ ಎದುರು ಬೇಡವೆನ್ನುವುದು ಹೇಗೆ? ನಾನು ಒದ್ದಾಡುತ್ತಿರುವಾಗಲೇ ಅವರು ತಂಬಿಗೆ ಬಗ್ಗಿಸಿದರು. ತುಪ್ಪ ನನ್ನ ಎಲೆಗೆ ಬೀಳಲಿಲ್ಲ, ಅಡ್ಡ ಬಂದ ಅವ್ವನ ಕೈ ಮೇಲೆ ಬಿತ್ತು.

ಅವ್ವ ಕೈ ತೆಗೆಯದೆಯೇ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಬೀಗರ. ನನ್ನ ಮಗ ಈಗ ಅವರಪ್ಪಗಿಂತ ದೊಡ್ಡಾವ ಆಗ್ಯಾನ. ಇನ್ನೂ ದೊಡ್ಡಾವ ಆಗೂದೈತಿ."

ನಾನು ತುಪ್ಪವಿಲ್ಲದ ಹೋಳಿಗೆ ಮುರಿದು ಬಾಯಿಗಿಟ್ಟೆ. ಅಷ್ಟು ರುಚಿಯಾದ ಹೋಳಿಗೆಯನ್ನು ಜನ್ಮದಲ್ಲಿ ತಿಂದಿರಲಿಲ್ಲ.